ಬಿಸಿಯೇರಿದ ನೀರಲ್ಲಿ ಕೆಲವು ಭ್ರೂಣಗಳು

ಕೋಣೆ ಬಿಡುವಾಗ ಕಂಡ ಸ್ವಿಚ್ಚುಗಳನ್ನೆಲ್ಲ ಆರಿಸುವ ಚಾಳಿ ನನ್ನದು. ಸ್ನಾನಕ್ಕೆ ಹೋದವರು ಕತ್ತಲಲ್ಲಿ ನಿಂತು ಕೂಗಿದ್ದೂ ಉಂಟು. ಕಳೆದ ಏಪ್ರಿಲ್‌ವರೆಗೆ ಇದನ್ನು ಸದ್ಗುಣವೆಂದೇ ನಂಬಿದ್ದೆ.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಈಜು ಬಾರದಿದ್ದರೂ ಕಡಲಜೀವಿಗಳೇ ನನ್ನ ವಿಷಯ. ನನ್ನ ಬಳಿ ಸಂಶೋಧನೆ ಮಾಡುವ ಶಬಾನಾ ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರ ಮಗಳು. ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳಿರುವ ಜೀವಿಗಳನ್ನು ಕಾರವಾರದಿಂದ ಕ್ಯಾನಿನಲ್ಲಿ ಹೊತ್ತು ತಂದು, ಅವುಗಳ ಭ್ರೂಣ ಬೆಳೆಸುತ್ತಿದ್ದಳು. ನೀರಿಗೆ ವಿಷಲೋಹ ಬೆರೆತರೆ ಅವು ಹೇಗೆ ತಾಳಿಕೊಳ್ಳುತ್ತವೆ ಎಂಬುದು ಅವಳ ಪ್ರಶ್ನೆ. ಮೊಟ್ಟೆ ಸಿಗುವ ಕಾಲ ಮುಗಿದಿತ್ತು. ಕೈಯಲ್ಲಿದ್ದುದು ಕೊನೆಯ ಬ್ಯಾಚು.

ಅವಳು ಗ್ರಂಥಾಲಯದಲ್ಲಿದ್ದ ಒಂದು ಮಧ್ಯಾಹ್ನ ನಾನು ಪ್ರಯೋಗಾಲಯದ ಎ.ಸಿ. ಆರಿಸಿ, ನೆಮ್ಮದಿಯಾಗಿ ಮನೆಗೆಂದು ನವನಗರದ ಬಸ್ಸು ಹತ್ತಿದೆ. ಸಂಜೆ ಅವಳ ಫೋನು ಬಂತು.

“ಮೇಡಂ, ಎ.ಸಿ. ಬಂದ್ ಆಗಿತ್ರಿ. ನೀರು ಭಾಳ ಬಿಸಿ ಆಗೇತಿ.”

ನನಗೆ ಆ ಕ್ಷಣವೇ ಗೊತ್ತಾಯಿತು. ಬಾಯಿ ಮಾತ್ರ ಬೇರೆ ಹೇಳಿತು: “ಕರೆಂಟ್ ಹೋಗಿತ್ತೇನೋ. ಎಲ್ಲಾ ಸತ್ತಿರತಾವು, ಚೆಲ್ಲಿಬಿಡು.”

“ಇವತ್ತೊಂದಿನ ಇರ್ಲಿ ಬಿಡ್ರಿ. ನೋಡತೇನಿ.”

ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದಳು. ಸಾಯುತ್ತಿರುವ ಕೋಶಗಳು ಹಸಿರಾಗಿ ಹೊಳೆಯುವಂಥ ಬಣ್ಣ ಹಾಕಿದ್ದಳು. ಹಲವು ಭ್ರೂಣಗಳು ತಳಕ್ಕೆ ಕುಸಿದಿದ್ದವು. ಉಳಿದವುಗಳಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ. ದುರಸ್ತಿಗೆ ಮೀರಿ ಕೆಟ್ಟ ಕೋಶ ಒಳಗಿನ ಅಪ್ಪಣೆಯಂತೆ ತನ್ನನ್ನು ತಾನೇ ಚೂರು ಮಾಡಿಕೊಳ್ಳುತ್ತದೆ. ಪಕ್ಕದವು ಬಿಸಿ ತಡೆಯುವ ಪ್ರೋಟೀನು ತಯಾರಿಸಿ ಹೇಗೋ ನಿಲ್ಲುತ್ತವೆ. ಇಷ್ಟು ವರ್ಷ ಇದನ್ನು ಬೋರ್ಡಿನ ಮೇಲೆ ಬರೆದವಳು ನಾನೇ. ಆದರೂ ಕೋಶದ ಸಾವೆಂದರೆ ಸೋಲು ಎಂಬ ಭಾವ ನನ್ನಲ್ಲಿ ಉಳಿದಿತ್ತು. ಕಣ್ಣೆದುರಿಗೆ ಭ್ರೂಣವೊಂದು ತನ್ನ ಹಸಿರು ಚುಕ್ಕೆಗಳ ಸಮೇತ ನಿಧಾನವಾಗಿ ತಿರುಗುತ್ತ ಈಜುತ್ತಿತ್ತು.

ಸೂಕ್ಷ್ಮದರ್ಶಕದಲ್ಲೊಂದು ಅನುಕೂಲವಿದೆ: ಎದುರಿನವರ ಮುಖ ನೋಡಬೇಕಿಲ್ಲ. ಕಣ್ಣು ತೆಗೆಯದೆ ಹೇಳಿದೆ, “ಶಬಾನಾ, ಎ.ಸಿ. ಆರಿಸಿದಾಕಿ ನಾನ.”

“ಗೊತ್ತೈತ್ರಿ,” ಎಂದಳು. “ಕರೆಂಟ್ ಹೋದ್ರ ಸ್ವಿಚ್ಚು ತಾನ ಆರೂದಿಲ್ಲಲ್ರಿ.”

“ಮತ್ತ ನಿನ್ನೆ ಯಾಕ ಅನಲಿಲ್ಲ?”

“ನೀವ ಹೇಳ್ತೀರಿ ಅಂತ ಕಾಯಾಕತ್ತಿದ್ದೆ.”

ಲೋಹದ ಪ್ರಯೋಗಕ್ಕೆ ಅವಳು ಮುಂದಿನ ವರ್ಷದವರೆಗೆ ಕಾಯಬೇಕಾಯಿತು. ಭ್ರೂಣಗಳು ಬಿಸಿಯನ್ನು ಹೇಗೆ ತಾಳುತ್ತವೆ ಎಂಬ ಪ್ರಶ್ನೆಯೂ ಅವಳ ಸಂಶೋಧನೆಗೆ ಸೇರಿತು. ಆ ಬೆಳಿಗ್ಗೆಯೇ ಟಿಪ್ಪಣಿಪುಸ್ತಕ ತೆರೆದು ಕೇಳಿದ್ದಳು, “ತಾಪ ಯಾಕ ಏರಿತು ಅಂತ ಏನು ಬರೀಲಿರಿ?”

“ಆದದ್ದ ಬರಿ.”

‘ಮಾರ್ಗದರ್ಶಕಿ ಎ.ಸಿ. ಆರಿಸಿದ್ದರಿಂದ’ ಎಂದು ದುಂಡಗೆ ಬರೆದಳು. ಓದುವಾಗ ನನ್ನೊಳಗೆ ಏನೋ ಒಂದು ಚೂರು ಸತ್ತಿತು. ಬಹುಶಃ ತಪ್ಪೇ ಮಾಡದ ಮೇಡಂ. ಅವರಿಲ್ಲದೆ ನಾನು ಚೆನ್ನಾಗಿಯೇ ಇದ್ದೇನೆ.