ಮಡಚದ ಮೊಣಕಾಲು

ನಾನು ಯೋಗದ ಕ್ಲಾಸಿಗೆ ಸೇರಿದ್ದು ಸಾಯುವ ದಿನದ ತಯಾರಿಗೆ. ಹೀಗೆ ಬಾಯಿಬಿಟ್ಟು ಹೇಳಿದರೆ ಹೊಸಪೇಟೆಯ ನಮ್ಮ ಓಣಿಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಅವರೆಲ್ಲ ಸಕ್ಕರೆ ಇಳಿಸಲು, ಬಿಪಿ ಇಳಿಸಲು, ಹೊಟ್ಟೆ ಇಳಿಸಲು ಬರುವವರು. ನನಗೆ ಇಳಿಸಬೇಕಾದದ್ದು ಒಂದೇ, ಬಲಗಡೆಯ ಮೊಣಕಾಲು. ಚಕ್ಕಳಮಕ್ಕಳ ಹಾಕಿ ಕೂತರೆ ಅದು ನೆಲಕ್ಕೆ ತಾಗುವುದಿಲ್ಲ. ಒಂದು ಗೇಣು ಮೇಲೆ ನಿಂತುಬಿಡುತ್ತದೆ.

ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕೂಡಿಸುತ್ತೇವೆ. ಜೀವ ಹೋದ ಕೂಡಲೇ, ಮೈ ಇನ್ನೂ ಬಿಸಿ ಇರುವಾಗಲೇ ಕಾಲು ಮಡಚಿ, ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಡುತ್ತೇವೆ. ಮಣ್ಣಿನೊಳಗೂ ಹಾಗೆ ಕೂತೇ ಹೋಗಬೇಕು. ಹುಟ್ಟಿದಾಗಿನಿಂದ ನೋಡಿದ್ದು. ನನ್ನ ತವರು ಮೆಟ್ರಿಯಲ್ಲಿ ಅಜ್ಜಿ ತೀರಿಕೊಂಡಾಗ ಪೂಜೆಗೆ ಕೂತಂತೆಯೇ ಕಾಣುತ್ತಿದ್ದಳಂತೆ, ನಾನು ಓಡಿಹೋಗಿ ತೊಡೆ ಮೇಲೆ ಕೂತೆನಂತೆ. ಹಾಗಾಗಿ ಸಾವು ಅಂದರೆ ನನಗೆ ಹೆದರಿಕೆ ಇರಲಿಲ್ಲ.

ಹೆದರಿಕೆ ಬಂದದ್ದು ನಮ್ಮ ಮನೆಯವರು ಹೋದಾಗ. ಆಗ ಕಂಪ್ಲಿಯಲ್ಲಿದ್ದೆವು, ಸಣ್ಣದೊಂದು ಅಕ್ಕಿ ಗಿರಣಿ ಇತ್ತು. ಎದೆ ನೋವು ಅಂದರು ಅಂತ ಗಂಗಾವತಿಯ ಆಸ್ಪತ್ರೆಗೆ ಸೇರಿಸಿದೆವು. ಹೋಗುವಾಗ ಹೊಳೆಯ ಸೇತುವೆ ಕಾಣುತ್ತಿತ್ತು. ಮರುದಿನ ಮುಂಜಾನೆ ಅವರು ತೀರಿಕೊಂಡಾಗ ಡ್ಯಾಮಿನಿಂದ ನೀರು ಬಿಟ್ಟು ಸೇತುವೆ ಮುಳುಗಿತ್ತು. ಗಾಡಿ ಬುಕ್ಕಸಾಗರದ ಕಡೆ ಸುತ್ತು ಹಾಕಿಕೊಂಡು ಬರಬೇಕಾಯಿತು. ಹೊರಡುವುದಕ್ಕೇ ತಡ, ದಾರಿ ತುಂಬ ಕೆಸರು. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು, ಮೈ ಬಿಗಿದಿತ್ತು.

ಗಂಡಸರು ನಾಲ್ಕೈದು ಮಂದಿ ಒಳಗೆ ಒಯ್ದು ಬಾಗಿಲು ಹಾಕಿದರು. ಮಗನೂ ಒಳಗೇ ಇದ್ದ. ನಾವು ಹೆಂಗಸರು ಪಡಸಾಲೆಯಲ್ಲಿ. "ಹಿಡೀರಿ", "ಸ್ವಲ್ಪ ತಡೀರಿ" ಅನ್ನುವುದು ಕೇಳಿಸುತ್ತಿತ್ತು. ಆಮೇಲೆ ಲಟಕ್ ಅಂತ ಒಂದು ಸಪ್ಪಳ. ಒಣಗಿದ ತೊಗರಿ ಕಟ್ಟಿಗೆ ಮುರಿದಂತೆ.

ಬಾಗಿಲು ತೆಗೆದಾಗ ಅವರು ಕೂತಿದ್ದರು. ಮುಖ ಶಾಂತವಾಗಿತ್ತು. ಎಲ್ಲರೂ ಮುಖ ನೋಡಿ ಕೈ ಮುಗಿದರು, ನಾನು ಧೋತರದ ಕೆಳಗಿದ್ದ ಮೊಣಕಾಲು ನೋಡಿದೆ. ಯಾರು ಒತ್ತಿದಿರಿ ಅಂತ ಕೇಳಲಿಲ್ಲ. ಯಾರೂ ಹೇಳಲಿಲ್ಲ. ಒಂಬತ್ತು ವರ್ಷವಾಯಿತು.

ಗಿರಣಿ ಬೇರೆಯವರ ಪಾಲಾಯಿತು. ಮಗ ಸಂಡೂರಿನ ಕಬ್ಬಿಣದ ಗಣಿಯೊಂದರಲ್ಲಿ ಲಾರಿ ರಿಪೇರಿ ಮಾಡುವ ಕೆಲಸ ಹಿಡಿದ, ಹೊಸಪೇಟೆಯಲ್ಲಿ ಮನೆ ಮಾಡಿದ. ಅವನ ಬಟ್ಟೆ ಒಗೆದರೆ ಬಕೀಟಿನ ನೀರು ಕುಂಕುಮ ಕಲಸಿದಂತೆ ಆಗುತ್ತದೆ. ಇಲ್ಲಿಗೆ ಬಂದ ಮೇಲೆ ಅವನು ನೆಲದ ಮೇಲೆ ಕೂತು ಉಣ್ಣುವುದನ್ನು ಬಿಟ್ಟ. ಟೇಬಲ್ ತಂದ. "ಪ್ಯಾಟಿ ಗಾಳಿ ಬಡೀತು ನಿನಗ" ಅಂತ ಬೈದಿದ್ದೆ. ಅವನು ತಾಟು ಎತ್ತಿಕೊಂಡು ಟೇಬಲ್ಲಿಗೆ ಹೋದ.

ಎರಡು ವರ್ಷದ ಹಿಂದೆ ನನ್ನ ಮೊಣಕಾಲು ಬಿಗಿಯತೊಡಗಿತು. ಡಾಕ್ಟರು ಸವೆದಿದೆ ಅಂದರು. ನನಗೆ ನೋವಿನ ಚಿಂತೆ ಇರಲಿಲ್ಲ. ಉಸಿರಿರುವಾಗಲೇ ಮಡಚದ ಕಾಲು ಹೋದ ಮೇಲೆ ಮಡಚುತ್ತದೆಯೇ? ಆ ಸಪ್ಪಳ ನನ್ನ ಮಗ ಇನ್ನೊಂದು ಸಲ ಕೇಳಬಾರದು, ಇಷ್ಟೇ ನನ್ನ ಹಟ. ಸೊಸೆ ಯೋಗಕ್ಕೆ ಹೋಗುತ್ತಿದ್ದಳು. "ನಾನೂ ಬರ್ತೀನಿ" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅತ್ತೀ, ಅಲ್ಲಿ ಸುಮ್ನಿರಬೇಕಾಗತೈತ್ರಿ, ಮಾತಾಡಂಗಿಲ್ಲ. ನಿಮಗ ಆಗತೈತೇನು?" ಅಂದಳು.

ಕ್ಲಾಸು ನಡೆಯುವುದು ಶಾಲೆಯೊಂದರ ಹಾಲಿನಲ್ಲಿ. ಕಲಿಸುವ ಮೇಡಂ ನನಗೆ ಮೊಮ್ಮಗಳಾಗುವ ವಯಸ್ಸಿನವಳು. ಮೊದಲ ದಿನ ಎಲ್ಲ ಮುಗಿಸಿ, ಕಡೆಗೆ, "ಈಗ ಶವಾಸನ. ಎಲ್ಲಾರೂ ಹೆಣದಂಗ ಆಗ್ರಿ" ಅಂದಳು. ಎಲ್ಲರೂ ಚಾಪೆ ಮೇಲೆ ಅಂಗಾತ ಮಲಗಿದರು. ನಾನು ಎದ್ದು ಗೋಡೆಗೆ ಒರಗಿ, ಕಾಲು ಆದಷ್ಟು ಒಳಗೆ ಎಳೆದುಕೊಂಡು, ಅಂಗೈ ಮೇಲೆ ಮಾಡಿ ಕೂತೆ.

"ಅಜ್ಜಿ, ನೀವ್ಯಾಕ ಎದ್ದು ಕುಂತ್ರಿ?"

"ಹೆಣದಂಗ ಆಗ್ರಿ ಅಂದ್ಯಲ್ಲವಾ, ಆಗೀನಿ."

"ಹೆಣ ಕುಂದರತೈತೇನಜ್ಜಿ?"

"ನಮ್ಮವು ಕುಂದರ್ತಾವು."

ಹಾಲಿನಲ್ಲಿದ್ದ ಹೆಣಗಳೆಲ್ಲ ನಕ್ಕವು. ಪಕ್ಕದ ಚಾಪೆಯಲ್ಲಿದ್ದ ಹೂವಿನ ಅಂಗಡಿಯಾಕೆ ಕಣ್ಣು ಮುಚ್ಚಿಕೊಂಡೇ, "ನಮ್ಮವರಾದ್ರ ಆರಾಮ ಮಲಕ್ಕೊಂಡು ಹೋಗ್ತಾರ. ಪಾಪ, ನಿಮಗ ಸತ್ತ ಮ್ಯಾಲೂ ಕುಂದ್ರೋ ಡ್ಯೂಟಿ ತಪ್ಪಲಿಲ್ಲ ನೋಡ್ರಿ" ಅಂದಳು.

"ನಿನಗ ಬೆಂಕಿ, ನನಗ ಮಣ್ಣು. ಯಾವುದು ಆರಾಮ ಅಂತ ಮೊದಲು ಹೋದಾಕಿ ಬಂದು ಹೇಳಲಿ."

ಮೇಡಂ ನಗಲಿಲ್ಲ. ನನ್ನ ಹತ್ತಿರ ಬಂದು ಬೆನ್ನಿಗೆ ದಿಂಬು ಕೊಟ್ಟು, "ಹಂಗೇ ಇರ್ರಿ ಅಜ್ಜಿ. ಉಸಿರು ಬರೋದು, ಹೋಗೋದು, ಅಷ್ಟೇ ನೋಡ್ರಿ. ಹಿಡಕೋಬ್ಯಾಡ್ರಿ" ಅಂದಳು. ಆ ಹುಡುಗಿ ಅವತ್ತೇ ನನಗೆ ಹಿಡಿಸಿದಳು.

ಅವಳದೊಂದು ಪದ್ಧತಿ ಇತ್ತು. ಕಣ್ಣು ಮುಚ್ಚಿಸಿ, ಕಾಲಿನ ಹೆಬ್ಬೆರಳಿನಿಂದ ಹಿಡಿದು ನೆತ್ತಿಯವರೆಗೆ ಒಂದೊಂದು ಅಂಗಕ್ಕೂ ಧನ್ಯವಾದ ಹೇಳಿಸುವುದು. ನನಗೆ ನಗು ಬಂತು. ಹೆಬ್ಬೆರಳಿಗೆ ಹೇಳಿದೆ, ಪಾಪ ಅದು ಬಹಳ ಕಲ್ಲು ಎಡವಿದೆ. ಹಿಮ್ಮಡಿಗೆ ಹೇಳಿದೆ. ಮೊಣಕಾಲಿನ ಸರದಿ ಬಂದಾಗ ಹೇಳಲಿಲ್ಲ. ಮನಸ್ಸಿನಲ್ಲೇ ಬೈದೆ. ದಿನಾ ಬೈದೆ.

ಬೈಯುವವರಿಗೂ ಒಂದು ನ್ಯಾಯ ಇರಬೇಕಲ್ಲ, ಇದು ನನಗೆ ಏನು ದ್ರೋಹ ಮಾಡಿದೆ ಅಂತ ಒಂದು ದಿನ ಯೋಚಿಸಿದೆ. ದ್ರೋಹ ಸಿಗಲಿಲ್ಲ. ಎಮ್ಮಿಗನೂರಿನ ಚಿಗವ್ವನ ಗದ್ದೆಯಲ್ಲಿ ದಿನವಿಡೀ ಕೆಸರಿನಲ್ಲಿ ನಿಂತು ಭತ್ತ ನಾಟಿ ಮಾಡಿದ್ದು ನೆನಪಾಯಿತು. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಗಿರಣಿಯ ಆಳುಗಳಿಗೆಲ್ಲ ರೊಟ್ಟಿ ಬಡಿದದ್ದು. ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಹಂಪಿಯ ಮಾತಂಗ ಬೆಟ್ಟ ಹತ್ತಿದ್ದು. ಅರ್ಧ ದಾರಿಗೆ ನಮ್ಮ ಮನೆಯವರು ಬಂಡೆ ಮೇಲೆ ಕೂತು, "ನೀ ಹೋಗಿ ಬಾ, ನಾ ಚಪ್ಪಲಿ ಕಾಯ್ತೀನಿ" ಅಂದಿದ್ದರು. ನಾನು ತುದಿಯವರೆಗೆ ಹೋಗಿದ್ದೆ, ಇದೇ ಕಾಲಲ್ಲಿ. ಕೆಳಗೆ ಹೊಳೆ, ಬಾಳೆತೋಟ, ನೂರಾರು ವರ್ಷ ನಿಂತೂ ಈಗ ಬಿದ್ದಿರುವ ಕಂಬಗಳು. ಕಲ್ಲಿಗೇ ಅಷ್ಟೇ ಆಯುಷ್ಯ ಅಂದಮೇಲೆ ಇದು ಮಾಂಸದ್ದು, ಅರವತ್ತೊಂಬತ್ತು ವರ್ಷ ಬಂದಿದೆ. ಅವತ್ತು ಮೊಣಕಾಲಿಗೂ ಹೇಳಿದೆ. ಬಾಯಿತುಂಬ ಅಲ್ಲ. ಹೋಗಲಿ ಬಿಡು ಅನ್ನುವಂತೆ.

ನಾಲ್ಕು ತಿಂಗಳಲ್ಲಿ ಮೊಣಕಾಲು ಗೇಣಿನಿಂದ ನಾಲ್ಕು ಬೆರಳಿಗೆ ಇಳಿಯಿತು. ಆಮೇಲೆ ನಿಂತುಬಿಟ್ಟಿತು. ಒಂದು ತಿಂಗಳು ಕಳೆಯಿತು, ಎರಡು ತಿಂಗಳು ಕಳೆಯಿತು. ನಾಲ್ಕು ಬೆರಳು ಅಂದರೆ ನಾಲ್ಕೇ ಬೆರಳು. ಮೇಡಂ, "ಇಷ್ಟೇ ಇರಲಿ ಅಜ್ಜಿ, ಒತ್ತಬ್ಯಾಡ್ರಿ" ಅಂದಳು. ನಾನು ಕೇಳುವ ಪೈಕಿ ಅಲ್ಲ.

ಸೊಸೆ ತವರಿಗೆ ಅಂತ ಮರಿಯಮ್ಮನಹಳ್ಳಿಗೆ ಹೋಗಿದ್ದ ದಿನ, ಮಧ್ಯಾಹ್ನ ಉಂಡು, ಪೆಟ್ಟಿಗೆಯಿಂದ ನಮ್ಮ ಮನೆಯವರ ವಲ್ಲಿ ತೆಗೆದೆ. ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಉದ್ದನೆಯ ಬಿಳಿ ವಲ್ಲಿ. ಗೋಡೆಗೆ ಒರಗಿ ಕೂತು, ಕಾಲು ಮಡಚಿ, ತೊಡೆಗೂ ಮೀನಖಂಡಕ್ಕೂ ಸೇರಿಸಿ ಸುತ್ತಿ, ಜಗ್ಗಿ ಗಂಟು ಹಾಕಿದೆ. ಅರ್ಧ ತಾಸು ಹೀಗೆ ಇಟ್ಟರೆ ಬುದ್ಧಿ ಕಲಿಯುತ್ತದೆ ಅಂದುಕೊಂಡೆ.

ಬುದ್ಧಿ ಕಲಿಯಬೇಕಾದವಳು ನಾನು. ಕಾಲು ಮೊದಲು ಉರಿಯಿತು, ಆಮೇಲೆ ಜುಮ್ಮೆಂದಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಾಯಿತು. ಗಂಟು ಬಿಚ್ಚಲು ಹೋದರೆ ಬೆರಳಿಗೆ ಬಲ ಸಾಲದು. ಜಗ್ಗಿದಷ್ಟೂ ಬಿಗಿಯಾಯಿತು. ಪಕ್ಕದ ಮನೆಯವಳನ್ನು ಕೂಗಬಹುದಿತ್ತು. ಕೂಗಿ ಏನು ಹೇಳಲಿ? ಮಗನ ಹತ್ತಿರ ಬೀಗದ ಕೈ ಇದೆ, ನಾಲ್ಕು ಗಂಟೆಗೆ ಬರುತ್ತಾನೆ ಅಂತ ಕಣ್ಣು ಮುಚ್ಚಿಕೊಂಡೆ. ಉಸಿರು ನೋಡುತ್ತಾ ಕೂತೆ. ಬರುವುದು, ಹೋಗುವುದು.

ಬೀಗ ತೆಗೆದ ಸಪ್ಪಳ. ಊಟದ ಡಬ್ಬಿ ಬಿದ್ದ ಸಪ್ಪಳ. "ಅವ್ವಾ!" ಅಂತ ಅವನು ಕೂಗಿದ. ಅಂಥ ಕೂಗು ಅವನ ಅಪ್ಪ ಹೋದ ದಿನವೂ ನಾನು ಕೇಳಿರಲಿಲ್ಲ.

ಕಣ್ಣು ತೆರೆದೆ. ಅವನು ಹೊಸ್ತಿಲ ಮೇಲೇ ನಿಂತಿದ್ದ, ಕೆಂಪು ಧೂಳಿನ ಮುಖ. ಗೋಡೆಗೆ ಒರಗಿ, ಕಾಲು ಕಟ್ಟಿಕೊಂಡು, ಅಂಗೈ ಮೇಲೆ ಮಾಡಿ ಕೂತ ತಾಯಿ ಅವನಿಗೆ ಹೇಗೆ ಕಂಡಿರಬೇಕು ಅಂತ ನನಗೆ ಆಗ ಹೊಳೆಯಿತು.

"ಸತ್ತಿಲ್ಲಲೇ. ಗಂಟು ಬಿಚ್ಚು."

ಅವನು ಬಂದು ಮುಂದೆ ಕುಸಿದು ಕೂತ. ಲಾರಿಯ ನಟ್ಟು ಬಿಚ್ಚುವ ಕೈಗೆ ಒಂದು ವಲ್ಲಿಯ ಗಂಟು ಬಿಚ್ಚಲು ಬರಲಿಲ್ಲ. ಚಾಕು ತರಲು ಎದ್ದ. "ಹರೀಬ್ಯಾಡ, ನಿಮ್ಮಪ್ಪನ ವಲ್ಲಿ ಅದು" ಅಂದೆ. ಮತ್ತೆ ಕೂತ. ಬಿಚ್ಚಿದ. ಕಾಲು ಚಾಚಿದಾಗ ಬಂದ ನೋವಿಗೆ ನಾನು ಅವನ ಹೆಗಲು ಕಚ್ಚಿ ಹಿಡಿದೆ.

"ಹುಚ್ಚು ಹಿಡದೈತೇನು ನಿನಗ? ಯಾಕ ಹಿಂಗ ಮಾಡ್ಕೊಂಡಿ?"

ಹೇಳಿದೆ. ಮುಚ್ಚಿಡಲಿಲ್ಲ. "ನಾ ಹೋದಾಗ ಈ ಕಾಲು ತಾನಾಗೇ ಮಡಚಬೇಕು. ನಿಮ್ಮಪ್ಪಗ ಆದಂಗ ಆಗಬಾರದು. ಪಡಸಾಲಿಯೊಳಗ ಕುಂತು ಕೇಳೀನಿ ನಾನು. ಅದು ಮತ್ತ ನಿನ್ನ ಕಿವಿಗೆ ಬೀಳಬಾರದು."

ಅವನು ನನ್ನ ಕಾಲು ತೊಡೆಯ ಮೇಲೆ ಇಟ್ಟುಕೊಂಡು ವಲ್ಲಿ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಒತ್ತಿದ್ದು ನಾನೇ ಅವ್ವಾ."

ನಾನು ಅವನ ಕೈ ನೋಡಿದೆ.

"ದೊಡ್ಡವರು, ಮಗನ ಕೈಲೇ ಆಗಬೇಕು ಅಂದ್ರು. ಒತ್ತಿದೆ. ಅವತ್ತಿಂದ ನೆಲದ ಮ್ಯಾಲೆ ಕಾಲು ಮಡಚಿ ಕುಂದ್ರಾಕ ಹೋದ್ರ ನನ್ನ ಕೈಯಾಗ ಆ ಕಾಲು ಬಂದಂಗ ಆಗತೈತಿ."

ಟೇಬಲ್ ಯಾಕೆ ಬಂತು ಅಂತ ನನಗೆ ಆಗ ಗೊತ್ತಾಯಿತು. ಒಂಬತ್ತು ವರ್ಷ ನಾನು ಬಾಗಿಲಿನ ಹೊರಗಿನ ಸಪ್ಪಳ ಹೊತ್ತುಕೊಂಡು ತಿರುಗಿದೆ, ಒಳಗಿದ್ದವನ ಕೈ ನೋಡಲೇ ಇಲ್ಲ. ಮಗನನ್ನು ಕಾಪಾಡಲು ಅಂತ ಕಾಲು ಕಟ್ಟಿಕೊಂಡವಳು ಅವನನ್ನೇ ಬಾಗಿಲಲ್ಲಿ ಕೊಂದಿದ್ದೆ.

"ಇಲ್ಲಿ ಕೇಳು" ಅಂದೆ. "ನಿಮ್ಮಪ್ಪಗ ನೋವಾಗಿಲ್ಲ. ನೋವಾಗೋ ಮನುಷ್ಯ ಮುಂಜಾನೇನ ಗಂಗಾವತಿಯಾಗ ಹೋಗಿದ್ರು. ನೀ ಒತ್ತಿದ್ದು ಅವರು ಬಿಟ್ಟು ಹೋದ ಕಾಲು. ಚಪ್ಪಲಿ ಬಿಟ್ಟು ಹೋಗ್ತಾರಲ್ಲ, ಹಂಗ."

ನನ್ನ ಬಾಯಿಂದ ಬಂದ ಮಾತು ನನಗೇ ಹೊಸದು. ಇಷ್ಟು ವರ್ಷ ನನಗೆ ನಾನೇ ಇದನ್ನು ಹೇಳಿಕೊಂಡಿರಲಿಲ್ಲ. ಅವನು ಅತ್ತ. ನಾನು ಬೆನ್ನು ಸವರಲಿಲ್ಲ, ನನಗೆ ಅದು ಬರುವುದಿಲ್ಲ. "ಮುಖ ತೊಳಕೋ ಹೋಗು, ಕೆಂಪು ನೀರು ಇಳೀಲಿಕ್ಕತ್ತೈತಿ" ಅಂದೆ.

ಮುಖ ತೊಳೆದು ಬಂದವನ ಕೈಯಲ್ಲಿ ಎಳ್ಳೆಣ್ಣೆ ಬಟ್ಟಲಿತ್ತು. "ಜಾಮ್ ಆದ ನಟ್ಟು ಒತ್ತಿ ತಿರುವಿದ್ರ ಬೋಲ್ಟೇ ಮುರೀತೈತಿ. ಎಣ್ಣಿ ಬಿಟ್ಟು ಕಾಯಬೇಕು. ಇಷ್ಟೂ ಗೊತ್ತಿಲ್ಲೇನು ನಿನಗ" ಅಂತ ಬೈಯುತ್ತಾ ತಿಕ್ಕಿದ. ಈಗ ದಿನಾ ಮುಂಜಾನೆ ಸಂಡೂರಿನ ಬಸ್ಸಿಗೆ ಹೋಗುವ ಮೊದಲು ತಿಕ್ಕುತ್ತಾನೆ. ಅಪ್ಪನ ಕಾಲು ಒತ್ತಿದ ಕೈ ಅದೇ. ಬಿಸಿಯಾಗಿ, ಒರಟಾಗಿ ಇದೆ. ಕಣ್ಣು ಮುಚ್ಚಿ ಆ ಕೈಗೆ ನಾನು ಮನಸ್ಸಿನಲ್ಲೇ ಮೇಡಂ ಕಲಿಸಿದ ಧನ್ಯವಾದ ಹೇಳುತ್ತೇನೆ. ಇದು ಬಾಯಿತುಂಬ.

ಮೊಣಕಾಲು ಮಾತ್ರ ನಾಲ್ಕು ಬೆರಳು ಮೇಲೇ ಇದೆ. ಅದು ಇನ್ನು ಇಳಿಯುವುದಿಲ್ಲ. ಮಣ್ಣು ಮಾಡುವಾಗ ಪೂಜೆಗೆ ಬರುವ ನಮ್ಮ ಐನೋರನ್ನೇ ಕೇಳಿದೆ, ಕಾಲು ಪೂರಾ ಮಡಚದಿದ್ದರೆ ಹೇಗೆ ಅಂತ. "ಲಿಂಗ ಇಡೋದು ಕೈ ಮ್ಯಾಲಬೇ, ಕಾಲ ಮ್ಯಾಲಲ್ಲ" ಅಂದರು. ಮಗನಿಗೂ ಹೇಳಿದ್ದೇನೆ: ಮಡಚಿದಷ್ಟು ಮಡಚು, ಉಳಿದ ಜಾಗಕ್ಕೆ ಅಪ್ಪನ ವಲ್ಲಿ ಮಡಚಿ ಇಡು, ಒತ್ತಬೇಡ. ವಲ್ಲಿ ಪೆಟ್ಟಿಗೆಯಲ್ಲಿ ಮೇಲೆಯೇ ಇದೆ.

ಶವಾಸನಕ್ಕೆ ಈಗ ಎಲ್ಲರಂತೆ ಮಲಗುತ್ತೇನೆ. ಮೊದಲ ಸಲ ಮಲಗಿದಾಗ ಹೂವಿನ ಅಂಗಡಿಯಾಕೆ, "ಏನ್ರೀ ಅಜ್ಜಿ, ನಮ್ಮ ಕಡಿ ಬಂದ್ರಿ?" ಅಂದಳು.

"ಈಗ ಒಂದಿಷ್ಟು ಮಲಗತೀನವಾ. ಮುಂದ ಭಾಳ ದಿನ ಕುಂದ್ರೋದೈತಿ."

ಮೊನ್ನೆ ಭಾನುವಾರ ನಾನು ನೆಲದ ಮೇಲೆ ಉಣ್ಣುತ್ತಿದ್ದೆ. ಮಗ ಟೇಬಲ್ಲಿನಿಂದ ತಾಟು ಎತ್ತಿಕೊಂಡು ಬಂದು ನನ್ನ ಎದುರಿಗೆ ನಿಂತ. ಸೊಸೆ ಸೌಟು ಹಿಡಿದು ನೋಡುತ್ತಿದ್ದಳು. ಅವನು ಮೆಲ್ಲಗೆ ಕೂತು ಒಂದು ಕಾಲು ಮಡಚಿದ. ಇನ್ನೊಂದನ್ನು ಮಡಚುವಾಗ ಅವನ ಮೊಣಕಾಲು ಲಟಕ್ ಅಂದಿತು. ನಾವಿಬ್ಬರೂ ಅದನ್ನೇ ನೋಡಿದೆವು.

"ನಿನಗೂ ಎಣ್ಣಿ ಬೇಕಲೇ" ಅಂದೆ.

ಅವನು ನಕ್ಕ. ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.