ಹೊಳೆ ಬಂತು ಅಂದರೆ

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅವ್ವ ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಹಚ್ಚುತ್ತಲೇ ನನ್ನನ್ನು ಇತಿಹಾಸದ ಎಂ.ಎ. ತನಕ ಓದಿಸಿದಳು. ಈಗ ನಾನು ಹಂಪಿಯ ಹತ್ತಿರ, ಹೊಳೆ ನಡುವಿನ ಒಂದು ಗಡ್ಡಿಗೆ ಪ್ರವಾಸಿಗರನ್ನು ಕರೆದೊಯ್ಯುತ್ತೇನೆ. ನಡುಗಡ್ಡೆಗೆ ನಮ್ಮ ಕಡೆ ಗಡ್ಡಿ ಅನ್ನುತ್ತಾರೆ. ಒಂದು ಹರಿಗೋಲಿಗೆ ಹಿಡಿಸುವಷ್ಟೇ ಜನ, ಹೆಚ್ಚಿಗೆ ಇಲ್ಲ.

ಹರಿಗೋಲಿನವನ ಬಾಯಲ್ಲಿ ಎಂ.ಎ.ಗೂ ಎಮ್ಮೆಗೂ ವ್ಯತ್ಯಾಸವಿಲ್ಲ.

"ಬರ್ರಿ ಎಮ್ಮಿ ಮೇಡಂ, ಕುಂದ್ರಿ. ಎಮ್ಮಿಗರ ಈಜಾಕ ಬರ್ತದ, ನಿಮಗ ಅದೂ ಬರಂಗಿಲ್ಲ."

ಅದು ನಿಜ. ಹೊಳೆ ದಂಡೆಯಲ್ಲೇ ಬೆಳೆದರೂ ನನಗೆ ಈಜು ಬಾರದು. ನೀರೆಂದರೆ ಇವತ್ತಿಗೂ ಹೆದರಿಕೆ.

ಆ ದಿನ ಬಂದವರು ಮೈಸೂರಿನ ಕಡೆಯವರು. ಅವರಲ್ಲೊಬ್ಬರು ನಿವೃತ್ತ ಟೀಚರು. ನಮ್ಮ ಮಾತು ಅವರಿಗೆ ಬಲು ಇಷ್ಟವಾಗಿತ್ತು. ನಾನು 'ಭಾಳ' ಅಂದರೆ ಅವರೂ 'ಭಾಳ' ಅಂದು ನಗುವರು. ಸಂಜೆಗೆ ಡ್ಯಾಮಿನಿಂದ ನೀರು ಬಿಡುತ್ತಾರೆಂದು ಗೊತ್ತಿತ್ತು. ಮಧ್ಯಾಹ್ನದೊಳಗೆ ಈಚೆ ದಡಕ್ಕೆ ಬಂದುಬಿಡುವ ಲೆಕ್ಕ ನಮ್ಮದು. ಮೇಲ್ಗಡೆ ಎಲ್ಲೋ ಮಳೆಯಾಗಿ ಹಳ್ಳಗಳು ಹೊಳೆಗೆ ಕೂಡಿದ್ದು ನಮಗೆ ತಿಳಿದಿರಲಿಲ್ಲ. ಇಲ್ಲಿ ರಣರಣ ಬಿಸಿಲು.

ಗಡ್ಡಿಯ ಬಾಳೆತೋಟದಲ್ಲಿ ಒಂದು ವೀರಗಲ್ಲಿದೆ. ಕತ್ತಿ ಹಿಡಿದ ಗಂಡಾಳಿನ ಕಲ್ಲು. ಗಡ್ಡಿಯವರು ಅದಕ್ಕೆ ಸೀರೆ ಉಡಿಸಿ, ಕುಂಕುಮ ಇಟ್ಟು, ಅಮ್ಮ ಅಂತ ಪೂಜಿಸುತ್ತಾರೆ. ಅದನ್ನೇ ವಿವರಿಸುತ್ತಿದ್ದೆ. ಗಡ್ಡಿಯ ದಡದಲ್ಲಿ ನಮಗಾಗಿ ಕಾಯುತ್ತಿದ್ದ ಹರಿಗೋಲಿನವನ ಕೂಗು ಕೇಳಿತು.

"ಹೊಳಿ ಬಂತೂ! ಹೊಳಿ ಬಂತೂ!"

ನಮ್ಮಲ್ಲಿ ಹೊಳೆ ಬಂತು ಅಂದರೆ ನೀರು ಏರಿತು ಅಂತ. ಆ ಮಾತು ಕಿವಿಗೆ ಬಿದ್ದರೆ ಅವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಎದ್ದುಬಿಡುತ್ತಿದ್ದಳು. ತಿರುಗಿ ನೋಡಿದೆ. ಟೀಚರು ಇಲ್ಲ.

"ಆಗಲೇ ಒಂದ್ಸಲ ಯಾರೋ ಹೊಳೆ ಬಂತು ಅಂತ ಕರೆದ್ರಲ್ಲ, ನೋಡ್ಕೊಂಡು ಬರ್ತೀನಿ ಅಂತ ಆ ಕಡೆ ಹೋದ್ರು" ಎಂದರು ಜೊತೆಯವರು.

ಅವರನ್ನೆಲ್ಲ ಹರಿಗೋಲಿನ ಕಡೆ ಓಡಿಸಿ, ನಾನು ಗಡ್ಡಿಯ ಮೇಲ್ತುದಿಗೆ ಓಡಿದೆ. ಬಾಳೆ ಎಲೆಗಳು ಮುಖಕ್ಕೆ ಬಡಿಯುತ್ತಿದ್ದವು. ಟೀಚರು ನೀರಿನಂಚಿನ ಬಂಡೆಯ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಬೆಳಿಗ್ಗೆ ಒಣಗಿದ್ದ ಸಂದಿನಲ್ಲಿ, ಅವರಿಗೂ ನನಗೂ ನಡುವೆ, ಆಗಲೇ ಕೆಂಪು ನೀರು.

"ಮೇಡಂ, ಹೊಳಿ ಬಂತು! ಬರ್ರಿ!"

"ಹೌದಮ್ಮಾ, ಬಂತು! ಭಾಳ ಚೆನ್ನಾಗಿದೆ. ನೀವೂ ಬನ್ನಿ!"

ಯಾವ ಮಾತು ಹೇಳಿದರೆ ಇವರಿಗೆ ತಿಳಿದೀತು? ಶಾಲೆಯ ಪುಸ್ತಕದ ಶಬ್ದವೊಂದು ನೆನಪಾಯಿತು.

"ಪ್ರವಾಹ! ಮೇಡಂ, ಪ್ರವಾಹ!"

ಅವರು ಕೆಳಗೆ ನೋಡಿದರು. ನಗು ಆರಿತು. ಆದರೆ ಕಾಲು ಏಳಲಿಲ್ಲ. "ಆಗಲ್ಲಮ್ಮ, ಆಗಲ್ಲ" ಎನ್ನುತ್ತ ಬಂಡೆಯ ಮೇಲೆ ಕುಳಿತೇಬಿಟ್ಟರು.

ನಾನು ನೀರಿಗಿಳಿದೆ. ಧೈರ್ಯ ಬಂದು ಇಳಿದದ್ದಲ್ಲ. ಇಳಿಯದೆ ಬೇರೆ ದಾರಿ ಇರಲಿಲ್ಲ. ಮೊಣಕಾಲಿಗೆ ಬಂದ ನೀರು ಕಾಲನ್ನು ಪಕ್ಕಕ್ಕೆ ಎಳೆಯುತ್ತಿತ್ತು. ವೇಲಿನ ಒಂದು ತುದಿ ಕೈಗೆ ಸುತ್ತಿಕೊಂಡು ಇನ್ನೊಂದನ್ನು ಎಸೆದೆ. ಅವರು ಹಿಡಿದರು. ನಡುವೆ ಒಮ್ಮೆ ಜಾರಿದರು, ಇಬ್ಬರೂ ಚೀರಿದೆವು. ಈಚೆ ಬಂದಾಗ ನನ್ನ ಒಂದು ಚಪ್ಪಲಿ ಇರಲಿಲ್ಲ.

ದೂರದಿಂದ ಹರಿಗೋಲಿನವನು ಕೂಗುತ್ತಿದ್ದ, "ಅಕ್ಕಾ! ಜಲ್ದಿ ಬಾರಬೇ, ಅಕ್ಕಾ!" ಅವನು ನನ್ನನ್ನು ಎಂದೂ ಅಕ್ಕಾ ಎಂದವನಲ್ಲ. ಅದನ್ನು ಕೇಳಿ ಹೆದರಿಕೆ ಇನ್ನೂ ಹೆಚ್ಚಾಯಿತು.

ಹರಿಗೋಲು ಗಿರಗಿರ ತಿರುಗಿತು. ಟೀಚರು ವೇಲಿನ ತುದಿ ಬಿಟ್ಟಿರಲಿಲ್ಲ. ಈಚೆ ದಡ ಹತ್ತಿರವಾದಾಗ ಮೆಲ್ಲಗೆ ಕೇಳಿದರು, "ಹೊಳೆ ಬಂತು ಅಂದ್ರೆ ಓಡು ಅಂತಾನಾ?"

"ಹೂಂ ರೀ."

"ಇವತ್ತು ಎಮ್ಮಿನೂ ನೀರಿಗಿಳೀತು" ಎಂದ ಹರಿಗೋಲಿನವನು. ಯಾರೂ ನಗಲಿಲ್ಲ. ಅವನೂ ನಗದೆ ಜೋರಾಗಿ ಹುಟ್ಟು ಹಾಕುತ್ತಿದ್ದ.

ದಡಕ್ಕೆ ಇಳಿದು ಆ ಬಂಡೆ ಎಲ್ಲಿತ್ತೆಂದು ಹುಡುಕಿದೆ. ಕಾಣಲಿಲ್ಲ, ಅಲ್ಲಿ ಬರೀ ಕೆಂಪು ನೀರು.