ಪ್ರಮೀಳಾ ಮೇಡಂ ಅವರ ಸಮುದ್ರದ ಪಾಠ

ಚನ್ನಗಿರಿಯ ಖಾಸಗಿ ಡಿಗ್ರಿ ಕಾಲೇಜೊಂದರಲ್ಲಿ ಪ್ರಮೀಳಾ ಮೇಡಂ ಇಪ್ಪತ್ತಮೂರು ವರ್ಷದಿಂದ ಕನ್ನಡ ಕಲಿಸುತ್ತಿದ್ದಾರೆ. ಯಾವ ಪದ್ಯ ಕೊಟ್ಟರೂ ಮೂರನೇ ದಿನಕ್ಕೆ ಅದನ್ನು ಸಮುದ್ರಕ್ಕೆ ಮುಟ್ಟಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಅವರ ಕಾಲೆಳೆಯುವುದುಂಟು. ಸಾಹಿತ್ಯವೂ ಸಮುದ್ರ, ಸಮಾಜವೂ ಸಮುದ್ರ; ಒಳಗೆ ಬಂದ ಮೇಲೆ ನೀನು ಯಾವ ಹಳ್ಳ, ಯಾವ ಹೊಳೆ ಎಂದು ಅದು ಕೇಳುವುದಿಲ್ಲ ಎನ್ನುವುದು ಅವರ ಪಾಠ. ತ್ಯಾವಣಿಗೆಯ ಅಡಿಕೆ ವ್ಯಾಪಾರಿಯ ಈ ಮಗಳು ಸಮುದ್ರ ಕಂಡಿದ್ದು ಜೀವಮಾನದಲ್ಲಿ ಒಂದೇ ಸಲ, ಕಾಲೇಜು ಟೂರಿನಲ್ಲಿ, ಅದೂ ಮುಕ್ಕಾಲು ಗಂಟೆ. ಆದರೂ ಅವರು ಹೇಳುತ್ತಿದ್ದರೆ ಹಿಂದಿನ ಬೆಂಚಿನವರೂ ಮೊಬೈಲ್ ಮುಚ್ಚಿಟ್ಟು ಕೇಳುತ್ತಿದ್ದರು, ಅದು ಸುಳ್ಳಲ್ಲ.

ಈ ವರ್ಷ ಅವರ ಕ್ಲಾಸಿನ ಎರಡನೇ ಬೆಂಚಿನಲ್ಲಿ ಅಕ್ಷಿತಾ ಇದ್ದಳು. ಕತ್ತಲಗೆರೆ ಕಡೆಯ ಹಳ್ಳಿಯೊಂದರ ಕೆಳಗಿನ ಕೇರಿಯಿಂದ ಡಿಗ್ರಿಗೆ ಬಂದ ಮೊದಲ ಹುಡುಗಿ. ಹಿಂದಿನ ಕಾಲೇಜಿನಲ್ಲಿ ಯಾರೋ ಜಾತಿ ಎತ್ತಿ ಆಡಿದರೆಂದು ಬಿಟ್ಟು ಮನೆಯಲ್ಲಿ ಕೂತಿದ್ದಳು. ಸುದ್ದಿ ಕಿವಿಗೆ ಬಿದ್ದಾಗ ಪ್ರಮೀಳಾ ಅವರೇ ಬಸ್ಸು ಹತ್ತಿ ಅವಳ ಮನೆಗೆ ಹೋಗಿದ್ದರು.

"ನನ್ನ ಕ್ಲಾಸಲ್ಲಿ ಯಾರೂ ಏನೂ ಕೇಳಲ್ಲರೀ. ನಾನಿದೀನಿ," ಎಂದಿದ್ದರು.

ಅವಳ ಅಪ್ಪ ಪರಶುರಾಮ್ ಕೊನೆಗೆ ಒಪ್ಪಿದ. "ನಿಮ್ಮ ಮಾತಿನ ಮ್ಯಾಲೆ ಕಳಿಸ್ತೀನಿ ಮೇಡಂ. ಇನ್ನೊಂದ್ ಸಲ ಹಿಂಗೇ ಆದ್ರೆ ಓದಿಸಾಕೆ ಹೋಗಲ್ಲ. ಮದುವಿ ಮಾಡಿ ಕೈ ತೊಳ್ಕಂತೀನಿ."

ಬರೀ ಬಾಯಲ್ಲಿ ಹೇಳಿದ್ದು ಸಾಕು, ಈ ಸಲ ಮಾಡಿ ತೋರಿಸಬೇಕು ಎಂಬ ಹುಮ್ಮಸ್ಸು ಮೇಡಂಗೆ ಬಂತು. ಎಲ್ಲರೂ ಮನೆಯಿಂದ ಒಂದು ಬಾಟಲಿ ಕುಡಿಯುವ ನೀರು ತರಬೇಕು, ಮೇಜಿನ ಮೇಲಿನ ಕೊಳಗಕ್ಕೆ ಸುರಿಯಬೇಕು, ಕೊನೆಗೆ ಎಲ್ಲರೂ ಅದರಿಂದಲೇ ಕುಡಿಯಬೇಕು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸುರಿಯುವ ಮೊದಲು ಎಲ್ಲಿಯ ನೀರೆಂದು ಹೇಳಿರಿ ಎಂದೂ ಅಂದರು. ಹೆಸರಿದ್ದರೆ ತಾನೇ ಅದು ಸಮುದ್ರದಲ್ಲಿ ಕಳೆದುಹೋಗುವುದು! ಹಳ್ಳಿಯಲ್ಲಿ ನಲ್ಲಿಯ ಜಾಗ ಹೇಳಿದರೆ ಜಾತಿ ಹೇಳಿದ ಹಾಗೆ ಎಂಬುದು ಇಲ್ಲೇ ಹುಟ್ಟಿ ಬೆಳೆದ ಹೆಂಗಸಿಗೆ ಹೊಳೆಯಲೇ ಇಲ್ಲ. ಮೇಲಿನ ಬೀದಿಯಲ್ಲಿ ಬೆಳೆದವರಿಗೆ ಇಂಥದ್ದು ಹೊಳೆಯುವುದೂ ಇಲ್ಲ ಬಿಡಿ.

ಗುರುಬಸವರಾಜ್ "ಮಠದ ಬೀದಿ ಬೋರ್" ಎಂದು ಸುರಿದ. ಪೂಜಾ "ನಮ್ಮ ಮನಿ ಫಿಲ್ಟರ್" ಎಂದಳು, ಎಲ್ಲರೂ ನಕ್ಕರು. ಎಲ್ಲರದೂ ಮುಗಿದ ಮೇಲೆ ಅಕ್ಷಿತಾ ಬಂದವಳು ಏನೂ ಹೇಳದೆ ಬಾಟಲಿ ಬಗ್ಗಿಸಿದಳು.

"ಎಲ್ಲಿದಮ್ಮ? ಹೇಳ್ಲೇ ಇಲ್ಲ ನೀನು."

"ಊರಿಂದು, ಮೇಡಂ."

"ಊರಲ್ಲಿ ಎಲ್ಲಿದು?"

ಅಕ್ಷಿತಾ ಅವರ ಮುಖ ನೋಡಿದಳು. "ಕೆಳಗಿನ ಕೇರಿ ಟ್ಯಾಂಕಿಂದು."

ನಗು ನಿಂತಿತು. ಆಗ ಪ್ರಮೀಳಾ ಅವರಿಗೆ ತಾನು ಕೇಳಿದ್ದೇನೆಂದು ಅರ್ಥವಾಯಿತು. ಪರಶುರಾಮನಿಗೆ ಕೊಟ್ಟ ಮಾತು ಅವರ ಬಾಯಿಂದಲೇ ಮುರಿದುಹೋಗಿತ್ತು. ಹೇಗಾದರೂ ಸರಿಮಾಡಬೇಕೆಂದು ಲೋಟ ಅದ್ದಿ ಗುರುಬಸವರಾಜನ ಮುಂದೆ ಹಿಡಿದರು.

"ಶೀತ ಐತೆ ಮೇಡಂ."

ಪೂಜಾಳಿಗೆ ಆ ದಿನ ಒಪ್ಪತ್ತು. ಜಗಳೂರಿನ ವಿನಯ್ ಕುಮಾರ್ ನೀರಲ್ಲಿ ಫ್ಲೋರೈಡ್ ಇರುತ್ತದೆ ಎಂದ. ಫ್ಲೋರೈಡ್ ನೀರಲ್ಲೇ ಬೆಳೆದವನು. ಲೋಟ ಮೂರು ಬೆಂಚು ಸುತ್ತಿ ತುಂಬಿದ ಹಾಗೆಯೇ ಮೇಡಂ ಕೈಗೆ ವಾಪಸ್ ಬಂತು. ಈಗ ಐವತ್ತು ಜೊತೆ ಕಣ್ಣು ಅವರ ಮೇಲೆ. ಕುಡಿಯಬೇಕು, ಈಗಲೇ ಕುಡಿಯಬೇಕು. ಆದರೆ ಕೈ ತುಟಿಯ ಹತ್ತಿರ ಬಂದು ನಿಂತುಬಿಟ್ಟಿತು. ಕೊರಳಲ್ಲಿ ಲಿಂಗ ಇದ್ದವರು ಕಂಡಕಂಡ ಕಡೆ ನೀರು ಮುಟ್ಟಬಾರದು ಎಂದು ಅವ್ವ ಕಸ್ತೂರಮ್ಮ ಎಳವೆಯಲ್ಲಿ ಗದರಿಸಿದ್ದು ಇನ್ನೂ ಮೈಯಲ್ಲಿ ಉಳಿದಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಕಣ್ಣು ಮುಚ್ಚಿ ಗಟಗಟನೆ ಇಡೀ ಲೋಟ ಮುಗಿಸಿದರು.

"ನೋಡ್ರಿ, ನನಗೇನಾದ್ರೂ ಆಯ್ತಾ?" ಎಂದರು.

ಅಂದ ಮೇಲೆ ಎಂಥ ಮಾತು ಆಡಿದೆನೆಂದು ತಿಳಿಯಿತು. ತಡವಾಗಿತ್ತು. ಅಕ್ಷಿತಾ ಬೆಂಚಿನಿಂದ ಎದ್ದು ಬ್ಯಾಗಿಗೆ ಕೈ ಹಾಕಿದಳು. ಹೋಗಿಯೇಬಿಡುತ್ತಾಳೆ, ಇನ್ನು ಇವಳ ಓದು ಮುಗಿಯಿತು ಎಂದು ಪ್ರಮೀಳಾ ಅವಳ ಬೆಂಚಿನ ಕಡೆ ಧಾವಿಸಿದರು.

"ಅಕ್ಷಿತಾ, ತಪ್ಪಾಯ್ತಮ್ಮ. ನಾನು ಕೇಳಬಾರದಿತ್ತು. ಹೋಗಬ್ಯಾಡ."

"ನಾನ್ಯಾಕೆ ಹೋಗ್ಲಿ ಮೇಡಂ? ಫೀಸು ನಾನೂ ಕಟ್ಟೀನಿ." ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬೆಂಚಿನ ಮೇಲಿಟ್ಟಳು. ಆದರೆ ಕೂರಲಿಲ್ಲ. "ನನ್ನ ನೀರು ಯಾರ್ ಕುಡಿತಾರೆ, ಯಾರ್ ಕುಡಿಯಲ್ಲ ಅಂತ ಆವಾಗಿಂದ ಎಲ್ರೂ ನೋಡಾಕತ್ತೀರಿ. ಅದ್ರಾಗೆ ನಿಮ್ಮೆಲ್ಲರ ನೀರೂ ಐತೆ. ಅದನ್ನ ನಾನು ಕುಡಿತೀನೋ ಇಲ್ವೋ ಅಂತ ಒಬ್ರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಪ್ರಮೀಳಾ ಅವರಿಗೂ ಕೇಳಬೇಕು ಅನ್ನಿಸಿರಲಿಲ್ಲ.